ಏರ್ ಪೈಪ್ ಲೀಕ್: ಘಾಟಿ ಇಳಿಯುವ ಮುಂಚೆ ಸೈಕಲ್ ಟ್ಯೂಬ್ ಸುತ್ತಿದೆ, ಸರೀನಾ ತಪ್ಪಾ?

ದೋಣಿಗಲ್ ಲೋಡ್

ಎಲ್ಲರಿಗೂ ನಮಸ್ಕಾರ. ಹೋದ ವಾರ ನಡೆದದ್ದು ಹೇಳುತ್ತೇನೆ, ಬೈಯುವವರು ಬೈಯಿರಿ.

ನಮ್ಮದು 2002ರ ಆರು ಚಕ್ರದ ಲಾರಿ, ಫುಲ್ ಏರ್ ಬ್ರೇಕ್. ಹಾಸನದಿಂದ ಮಂಗಳೂರಿಗೆ 9 ಟನ್ ಆಲೂಗಡ್ಡೆ. ಸಕಲೇಶಪುರ ದಾಟಿ ದೋಣಿಗಲ್ ಹತ್ತಿರ ಟೀಗೆ ನಿಲ್ಲಿಸಿದೆ, ರಾತ್ರಿ 11 ಆಗಿತ್ತು, ಜಿಟಿಜಿಟಿ ಮಳೆ. ಡ್ರಮ್ ಬಿಸಿ ಇರುವಾಗ ಹ್ಯಾಂಡ್ ಬ್ರೇಕ್ ಎಳೆಯಬೇಡ ಅಂತ ನನಗೆ ಗಾಡಿ ಕಲಿಸಿದವರು ಹೇಳಿದ್ದರು. ಹಾಗಾಗಿ ಗೇರಲ್ಲಿ ಹಾಕಿ ಟೈರಿಗೆ ಕಲ್ಲು ಕೊಟ್ಟು ಇಳಿದೆ. ಇಂಜಿನ್ ಆಫ್ ಆದ ಮೇಲೆ ಹಿಂದಿನಿಂದ ಸುಯ್ಯ್ ಅಂತ ಸದ್ದು. ಟೀ ಕುಡಿದು ಬಂದು ನೋಡಿದರೆ ಗಾಳಿಯ ಗೇಜು 8 ಕೆಜಿ ಇದ್ದದ್ದು 5ಕ್ಕೆ ಬಂದಿದೆ.

ಕ್ಲೀನರ್ ಹುಡುಗ ಟೀ ಅಂಗಡಿಯಿಂದ ಒಂದು ಶಾಂಪೂ ಪ್ಯಾಕೆಟ್ ತಂದು ನೀರಲ್ಲಿ ಕಲಸಿ ಪೈಪಿನ ಉದ್ದಕ್ಕೂ ಸವರುತ್ತಾ ಹೋದ. ಹಿಂದಿನ ಹೌಸಿಂಗ್ (ಆಕ್ಸಲ್ ಕೂರುವ ಕವಚ) ಹತ್ತಿರ, ಚಾಸಿಯಿಂದ ಇಳಿದು ಬರುವ ಕಪ್ಪು ನೈಲಾನ್ ಪೈಪಿನಲ್ಲಿ ಗುಳ್ಳೆ ಎದ್ದಿತು. ಉಜ್ಜಿ ಉಜ್ಜಿ ತೆಳ್ಳಗಾಗಿ ಉಗುರಿನಷ್ಟು ಸೀಳಿತ್ತು. ಒಂದು ವಿಚಿತ್ರ ಅಂದರೆ, ಹ್ಯಾಂಡ್ ಬ್ರೇಕ್ ಎಳೆದರೆ ಸದ್ದು ನಿಲ್ಲುತ್ತದೆ. ಬಿಟ್ಟರೆ ಮತ್ತೆ ಶುರು.

ಹಳೇ ಸೈಕಲ್ ಟ್ಯೂಬ್ ಸೀಟಿನ ಕೆಳಗೆ ಇತ್ತು. ಉದ್ದಕ್ಕೆ ಪಟ್ಟಿ ಕತ್ತರಿಸಿ, ಎಳೆದು ಎಳೆದು ಸುತ್ತಿ, ಮೇಲೆ ಬೈಂಡಿಂಗ್ ವೈರ್ ಕಟ್ಟಿದೆ. ಸದ್ದು ಮುಕ್ಕಾಲು ಕಮ್ಮಿ ಆಯಿತು. ಇಂಜಿನ್ ಓಡುವಾಗ ಗೇಜು 7ರ ಮೇಲೇ ನಿಂತಿತು. ಸೆಕೆಂಡ್ ಗೇರಲ್ಲಿ ನಿಧಾನಕ್ಕೆ ಶಿರಾಡಿ ಇಳಿದು ಗುಂಡ್ಯ ಮುಟ್ಟಿದೆ. ಮಾರನೇ ದಿನ ಮಂಗಳೂರಲ್ಲಿ ಲೋಡ್ ಇಳಿಸಿ ಹೊಸ ಪೈಪ್ ಹಾಕಿಸಿದೆ. ಮಾಡಿದ್ದು ಸರೀನಾ?

ಹುಬ್ಬಳ್ಳಿ ಫಿಟ್ಟರ್

ಮುಟ್ಟಿದಿರಲ್ಲ ಅಣ್ಣಾ, ಮತ್ತೇನು ಬೇಕು. ಸೈಕಲ್ ಟ್ಯೂಬ್ ಅಂದರೆ ನಮ್ಮ ರೋಡಿನ ಅರ್ಧ ಗ್ಯಾರೇಜು. ಯಲ್ಲಾಪುರದಿಂದ ಅರಬೈಲ್ ಘಾಟಿ ಇಳಿದು ಅಂಕೋಲಾಕ್ಕೆ ಅದಿರು ಹೊಡೆಯುತ್ತಿದ್ದ ಕಾಲದಲ್ಲಿ ಇದಕ್ಕಿಂತ ಕೆಟ್ಟದ್ದು ಕಟ್ಟಿಕೊಂಡು ಓಡಿಸಿದವರನ್ನು ಬೇಕಾದಷ್ಟು ಕಂಡಿದ್ದೇನೆ.

ಒಂದು ಮಾತು ಮಾತ್ರ. ಟ್ಯೂಬ್ ಸುತ್ತುವಾಗ ಸೀಳಿನ ಮೇಲೇ ಶುರು ಮಾಡಬಾರದು. ಒಂದು ಗೇಣು ಹಿಂದಿನಿಂದ ಶುರು ಮಾಡಿ ಸೀಳು ದಾಟಿ ಮತ್ತೊಂದು ಗೇಣು ಹೋಗಬೇಕು. ಪೈಪನ್ನು ಮೊದಲು ಒಣ ಬಟ್ಟೆಯಲ್ಲಿ ಒರೆಸಬೇಕು, ಎಣ್ಣೆ ಇದ್ದರೆ ರಬ್ಬರು ಜಾರುತ್ತದೆ. ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧ ಮುಚ್ಚಬೇಕು. ವೈರನ್ನು ಸೀಳಿನ ಮೇಲೆ ಬಿಗಿಯಬಾರದು, ಎರಡು ತುದಿಯಲ್ಲಿ ಬಿಗಿಯಬೇಕು. ಇಲ್ಲ ಅಂದರೆ ವೈರೇ ನೈಲಾನನ್ನು ಕೊಯ್ಯುತ್ತದೆ.

ಡಿಪೋ ಅಜ್ಜ

ಮೂವತ್ತು ವರ್ಷ ಸರ್ಕಾರಿ ಬಸ್ ಡಿಪೋದಲ್ಲಿ ಬ್ರೇಕ್ ಸೆಕ್ಷನ್ನಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಸ್ವಲ್ಪ ಉದ್ದ ಬರೆಯುತ್ತೇನೆ, ಓದುವ ತಾಳ್ಮೆ ಇರಲಿ.

ದೋಣಿಗಲ್ ಅವರೇ, ನೀವು ವಿಚಿತ್ರ ಅಂದಿರಲ್ಲ, ಲೀಕ್ ಎಲ್ಲಿ ಅಂತ ಅದೇ ಹೇಳುತ್ತಿದೆ. ಹ್ಯಾಂಡ್ ಬ್ರೇಕ್ ಬಿಟ್ಟಾಗ ಮಾತ್ರ ಸದ್ದು ಬಂದರೆ ಅದು ಸ್ಪ್ರಿಂಗ್ ಬ್ರೇಕಿಗೆ ಹೋಗುವ ಲೈನು. ಫುಟ್ ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಪೆಡಲ್ ವಾಲ್ವಿನಿಂದ ಮುಂದೆ, ಪೈಪೋ ಬೂಸ್ಟರಿನ (ಚಕ್ರದ ಹತ್ತಿರ ಗಾಳಿಯಿಂದ ಬ್ರೇಕ್ ತಳ್ಳುವ ಡಬ್ಬಿ) ಡಯಾಫ್ರಮ್ಮೋ ಹೋಗಿದೆ. ಯಾವಾಗಲೂ ಬರುತ್ತಿದ್ದರೆ ಟ್ಯಾಂಕಿನ ಕಡೆ. ಈ ಮೂರು ಗೊತ್ತಿದ್ದರೆ ಶಾಂಪೂ ಕಲಸುವ ಮುಂಚೆಯೇ ಅರ್ಧ ಕೆಲಸ ಮುಗಿಯುತ್ತದೆ.

ಸ್ಪ್ರಿಂಗ್ ಬ್ರೇಕ್ ತಲೆಕೆಳಗಾದ ಲೆಕ್ಕ. ಹಿಂದಿನ ಬೂಸ್ಟರಿನ ದೊಡ್ಡ ಡಬ್ಬಿಯಲ್ಲಿ ಒಂದು ದಪ್ಪ ಸ್ಪ್ರಿಂಗ್ ಕೂತಿದೆ, ಬ್ರೇಕ್ ಹಿಡಿಯುವುದೇ ಅದರ ಕೆಲಸ. ಗಾಳಿ ಹೋಗಿ ಅದನ್ನು ಹಿಂದಕ್ಕೆ ಒತ್ತಿ ಹಿಡಿದರೆ ಮಾತ್ರ ಗಾಡಿ ಉರುಳುತ್ತದೆ. ಹ್ಯಾಂಡ್ ಬ್ರೇಕ್ ಎಳೆಯುವುದು ಅಂದರೆ ಆ ಗಾಳಿಯನ್ನು ಹೊರಗೆ ಬಿಡುವುದು, ಅಷ್ಟೇ. ಅದಕ್ಕೇ ನಿಮ್ಮ ಸದ್ದು ನಿಂತದ್ದು, ಪೈಪಿನಲ್ಲಿ ಆಗ ಗಾಳಿಯೇ ಇರಲಿಲ್ಲ.

ಈಗ ಯೋಚನೆ ಮಾಡಿ. ಘಾಟಿಯ ನಡುವೆ ನಿಮ್ಮ ಸೈಕಲ್ ಟ್ಯೂಬ್ ಕಿತ್ತುಕೊಂಡಿದ್ದರೆ ಬ್ರೇಕ್ ಹೋಗುತ್ತಿರಲಿಲ್ಲ. ಬ್ರೇಕ್ ಹಿಡಿಯುತ್ತಿತ್ತು! ಹಿಂದಿನ ಚಕ್ರ ಮಾತ್ರ, ಇದ್ದಕ್ಕಿದ್ದಂತೆ, ಒದ್ದೆ ರೋಡಲ್ಲಿ, ತಿರುವಿನಲ್ಲಿ, 9 ಟನ್ ಹೊತ್ತುಕೊಂಡು. ಹಿಂಭಾಗ ಯಾವ ಕಡೆ ಹೋಗುತ್ತಿತ್ತೋ ದೇವರೇ ಬಲ್ಲ. ಪೂರ್ತಿ ಕೀಳದೆ ಗಾಳಿ ನಿಧಾನಕ್ಕೆ ಇಳಿದರೂ ಕಷ್ಟವೇ. ಸ್ಪ್ರಿಂಗ್ ಅರ್ಧಂಬರ್ಧ ಹಿಡಿಯುತ್ತದೆ, ಲೈನರ್ ಉಜ್ಜಿ ಡ್ರಮ್ ಕಾಯುತ್ತದೆ, ಹೊಗೆ ಬಂದ ಮೇಲೇ ನಿಮಗೆ ಗೊತ್ತಾಗುವುದು.

ಇನ್ನೊಂದು, ಇದಕ್ಕೆ ನಿಜವಾಗಿಯೂ ಬೈಯುತ್ತೇನೆ. ಪೈಪ್ ಹುಡುಕುವಾಗ ಹ್ಯಾಂಡ್ ಬ್ರೇಕ್ ಬಿಟ್ಟು, ಬರೀ ಕಲ್ಲಿನ ನಂಬಿಕೆಯಲ್ಲಿ ಆ ಹುಡುಗನನ್ನು ಗಾಡಿ ಕೆಳಗೆ ಬಿಟ್ಟಿದ್ದೀರಿ. ಒದ್ದೆ ಮಣ್ಣಿನಲ್ಲಿ ಕಲ್ಲು ಜಾರಲು ಎಷ್ಟು ಹೊತ್ತು?

ದೋಣಿಗಲ್ ಲೋಡ್

ಅಜ್ಜಾ, ಒಪ್ಪಿಕೊಂಡೆ. ಹುಡುಗನ ವಿಷಯ ಓದಿ ಕೈ ತಣ್ಣಗಾಯಿತು. ಬ್ರೇಕ್ ಹಿಡಿದುಬಿಡುತ್ತದೆ ಅನ್ನೋದು ತಲೆಗೆ ಹೋಗಿರಲೇ ಇಲ್ಲ. ಬ್ರೇಕ್ ಹೋದರೆ ಹೇಗೆ ಅಂತ ಮಾತ್ರ ಯೋಚನೆ ಮಾಡಿದ್ದೆ, ಅದಕ್ಕೇ ಲೋ ಗೇರಲ್ಲಿ ಬಂದೆ.

ಹಾಗಾದರೆ ಹ್ಯಾಂಡ್ ಬ್ರೇಕ್ ಬಿಡದೆ ಲೀಕ್ ಹುಡುಕುವುದು ಹೇಗೆ?

ಡಿಪೋ ಅಜ್ಜ

ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಎರಡು ಚಕ್ರಕ್ಕೆ ಹಿಂದೂ ಮುಂದೂ ಮರದ ಗುಟ್ಟ ಕೊಡಿ, ಉರುಟು ಕಲ್ಲಲ್ಲ. ಪ್ರೆಶರ್ ತುಂಬಿಸಿ, ಇಂಜಿನ್ ಆಫ್ ಮಾಡಿ. ಒಬ್ಬರು ಕ್ಯಾಬಿನ್ನಿನಲ್ಲೇ ಫುಟ್ ಬ್ರೇಕ್ ಒತ್ತಿ ಕೂತು ಹ್ಯಾಂಡ್ ಬ್ರೇಕ್ ಬಿಡಲಿ. ಇನ್ನೊಬ್ಬರು ಹೊರಗೆ ನಿಂತು ಬದಿಯಿಂದ ಟಾರ್ಚ್ ಹಾಕಿ ಕಿವಿ ಕೊಡಲಿ, ಮೈ ಒಳಗೆ ಹೋಗಬಾರದು. ಜಾಗ ಗೊತ್ತಾದ ಕೂಡಲೇ ಹ್ಯಾಂಡ್ ಬ್ರೇಕ್ ಎಳೆಯಿರಿ.

ಇಲ್ಲೊಂದು ಅನುಕೂಲ ಇದೆ. ಎಳೆದ ಮೇಲೆ ಆ ಪೈಪ್ ಖಾಲಿ. ಟ್ಯಾಂಕ್ ಡ್ರೈನ್ ಮಾಡುವ ಕೆಲಸವೇ ಇಲ್ಲ, ಗಾಡಿಯೂ ಸ್ಪ್ರಿಂಗ್ ಹಿಡಿತದಲ್ಲಿ ನಿಂತಿರುತ್ತದೆ, ಆರಾಮಾಗಿ ಕತ್ತರಿಸಿ ಜಾಯಿಂಟ್ ಹಾಕಬಹುದು. ಟ್ಯಾಂಕಿನ ಕಡೆಯ ಪೈಪ್ ಆದರೆ ಹೀಗಾಗುವುದಿಲ್ಲ, ಅಲ್ಲಿ ಮೊದಲು ಡ್ರೈನ್ ಕಾಕ್ ತೆಗೆದು ಗಾಳಿ ಪೂರ್ತಿ ಬಿಡಬೇಕು. ಗಾಳಿ ಇರುವ ಯೂನಿಯನ್ (ಪೈಪ್ ಕೂರಿಸುವ ಜಾಯಿಂಟು) ಬಿಚ್ಚಿದರೆ ಪೈಪ್ ಹಾವಿನ ಹಾಗೆ ಮುಖಕ್ಕೆ ಹೊಡೆಯುತ್ತದೆ.

ಕುಡ್ಲ ಟ್ರೇಲರ್

ಅಜ್ಜ ಹೇಳಿದ್ದು ಸ್ಪ್ರಿಂಗ್ ಬ್ರೇಕ್ ಇರುವ ಗಾಡಿಗೆ ಮಾರಾಯ್ರೆ. ನನ್ನ ಅಪ್ಪನ ಕಾಲದ ಲಾರಿಯಲ್ಲಿ ಅದು ಇರಲಿಲ್ಲ. ಹ್ಯಾಂಡ್ ಬ್ರೇಕ್ ಅಂದರೆ ಒಂದು ಲಿವರು, ಒಂದು ರಾಡು. ಗಾಳಿ ಹೋಯಿತಾ, ಪೆಡಲ್ ಒತ್ತಿದರೆ ಸುಮ್ನೆ ಕೆಳಗೆ ಹೋಗಿ ಕೂರುತ್ತದೆ, ಕತೆ ಮುಗಿಯಿತು. ಅಂಥ ಗಾಡಿ ಈಗಲೂ ಅಲ್ಲಲ್ಲಿ ಮರಳಿಗೆ, ಕಲ್ಲಿಗೆ ಓಡುತ್ತಾ ಇದೆ. ನಿಮ್ಮ ಗಾಡಿ ಯಾವ ಥರದ್ದು ಅಂತ ತಿಳಿಯದೆ ಇಲ್ಲಿ ಓದಿದ್ದನ್ನು ಮಾಡಲು ಹೋಗಬೇಡಿ. ಹಿಂದಿನ ಬೂಸ್ಟರ್ ಉದ್ದ ಇದ್ದು ಎರಡು ಪೈಪ್ ಹೋಗಿದ್ದರೆ ಸ್ಪ್ರಿಂಗ್ ಇದೆ. ಗಿಡ್ಡ ಇದ್ದು ಒಂದೇ ಪೈಪ್ ಇದ್ದರೆ ಇಲ್ಲ.

ಮತ್ತೆ ಎಕ್ಸಾಸ್ಟ್ ಬ್ರೇಕ್ (ಇಂಜಿನ್ನಿನ ಹೊಗೆ ತಡೆದು ಗಾಡಿ ನಿಧಾನ ಮಾಡುವುದು) ಇದೆಯಲ್ಲ ಅಂತ ಧೈರ್ಯ ಮಾಡುವವರಿಗೆ: ಅದೂ ಗಾಳಿಯಲ್ಲೇ ಕೆಲಸ ಮಾಡುವುದು. ಗಾಳಿ ಹೋದರೆ ಅದೂ ಹೋಯಿತು.

ಹೊಸ ಲೈಸೆನ್ಸ್

ಎಂ-ಸೀಲ್ ಹಚ್ಚಿದರೆ ಆಗೋದಿಲ್ವಾ? ಮನೆಯ ನೀರಿನ ಟ್ಯಾಂಕಿಗೆ ಚೆನ್ನಾಗಿ ಹಿಡಿಯುತ್ತದೆ.

ಹುಬ್ಬಳ್ಳಿ ಫಿಟ್ಟರ್

ನೀರಿನ ಟ್ಯಾಂಕು ಅಲುಗಾಡುತ್ತದೇನಪ್ಪಾ? ಎಂ-ಸೀಲ್ ಗಟ್ಟಿಯಾಗಲು ಗಂಟೆಗಟ್ಟಲೆ ಬೇಕು. ಮಳೆ ಇದ್ದರೆ ಇನ್ನೂ ಜಾಸ್ತಿ. ನೈಲಾನಿಗೆ ಅದು ಅಂಟುವುದೂ ಅಷ್ಟಕ್ಕಷ್ಟೇ. ಗಟ್ಟಿಯಾದ ಮೇಲೆ ಪೈಪ್ ಬಾಗಿದ ಕೂಡಲೇ ಚಕ್ಕೆ ಎದ್ದು ಬರುತ್ತದೆ. ಕಬ್ಬಿಣದ ಪೈಪಿನ ಸಣ್ಣ ತೂತಿಗೆ ಹಚ್ಚಿ ಗ್ಯಾರೇಜ್ ಮುಟ್ಟಿದವರಿದ್ದಾರೆ, ನೈಲಾನಿಗೆ ಬೇಡ.

ಟೆಫ್ಲಾನ್ ಟೇಪು ಕೂಡ ಕೆಲವರು ಎಲ್ಲಾ ಕಡೆ ಸುತ್ತುತ್ತಾರೆ. ಆಲಿವ್ (ನಟ್ಟಿನೊಳಗೆ ಪೈಪನ್ನು ಹಿಡಿಯುವ ಸಣ್ಣ ಉಂಗುರ) ಇರುವ ಜಾಯಿಂಟು, ವಾಷರ್ ಕೂರುವ ಜಾಯಿಂಟು, ಇವಕ್ಕೆ ಟೇಪಿನಿಂದ ಏನೂ ಉಪಯೋಗ ಇಲ್ಲ, ಗಾಳಿ ತಡೆಯುವುದು ಥ್ರೆಡ್ ಅಲ್ಲ. ಟೇಪಿನ ಚೂರು ಕಿತ್ತು ಹೋಗಿ ವಾಲ್ವಿನಲ್ಲಿ ಸಿಕ್ಕಿಕೊಂಡರೆ ಒಂದು ಲೀಕಿನ ಜಾಗದಲ್ಲಿ ಎರಡು.

ಡಿಪೋ ಅಜ್ಜ

ಸರಿಯಾಗಿ ಹೇಳಿದಿರಿ. ತಾತ್ಕಾಲಿಕ ಅಂದರೂ ಮಾಡಬೇಕಾದ್ದು ಜಾಯಿಂಟು. ಕಷ್ಟದ್ದೇನಲ್ಲ. ಹರಿತವಾದ ಬ್ಲೇಡಿನಲ್ಲಿ ಪೈಪನ್ನು ನೇರವಾಗಿ, ಓರೆಯಾಗಿ ಅಲ್ಲ, ಕತ್ತರಿಸಬೇಕು. ಹ್ಯಾಕ್ಸಾ ಹಾಕಿದರೆ ತುದಿ ಜೂಲು ಜೂಲಾಗಿ ಪುಡಿ ಒಳಗೆ ಬೀಳುತ್ತದೆ. ನಟ್ಟು ಮೊದಲು ಪೈಪಿಗೆ ತೂರಿಸಿ, ಆಮೇಲೆ ಆಲಿವ್. ಪೈಪಿನ ಬಾಯಿಯೊಳಗೆ ಒಂದು ಸಣ್ಣ ಹಿತ್ತಾಳೆ ತೋಳು ಬರುತ್ತದೆ, ಅದನ್ನು ಹಾಕಲೇಬೇಕು. ತುಂಬಾ ಜನ ಅದನ್ನು ಬಿಸಾಕುತ್ತಾರೆ. ಅದಿಲ್ಲದೆ ನಟ್ಟು ಬಿಗಿದರೆ ಆಲಿವ್ ಮೆತ್ತಗಿನ ನೈಲಾನನ್ನು ಒಳಗೆ ಅದುಮುತ್ತದೆ, ಹಿಡಿತ ಸಿಗುವುದಿಲ್ಲ, ನಾಲ್ಕು ಹಂಪು ಹಾರಿದ ಮೇಲೆ ಪೈಪ್ ಕಳಚಿ ಬರುತ್ತದೆ.

ಸೀಳು ಯೂನಿಯನ್ನಿನ ಹತ್ತಿರವೇ ಇದ್ದು ಪೈಪಿನಲ್ಲಿ ಸ್ವಲ್ಪ ಸಡಿಲು ಇದ್ದರೆ ಇನ್ನೂ ಸುಲಭ. ಹಾಳಾದ ತುಂಡು ಕತ್ತರಿಸಿ ಎಸೆದು ಅದೇ ಯೂನಿಯನ್ನಿಗೆ ಹಾಕಿ. ಆದರೆ ಹೌಸಿಂಗ್ ಮೇಲೆ ಕೆಳಗೆ ಆಡುವ ಜಾಗದಲ್ಲಿ ಪೈಪ್ ಎಳೆದು ಕೂರಿಸಿದರೆ ಮೊದಲ ಗುಂಡಿಯಲ್ಲೇ ಕಿತ್ತುಕೊಳ್ಳುತ್ತದೆ.

ಅಡಿಕೆ ತೋಟ

ನಾನು ಲಾರಿಯವನಲ್ಲ, ಮನೆಯಲ್ಲಿ ಒಂದು ಹಳೇ ಟಿಪ್ಪರ್ ಇದೆ. ನಮ್ಮ ಡ್ರೈವರ್ ಒಂದು ಸಲ ಅಡಿಕೆಗೆ ಬೋರ್ಡೋ ಹೊಡೆಯುವ ಪೈಪಿನ ತುಂಡು ಹಾಕಿ ಎರಡು ಕಡೆ ಕ್ಲಿಪ್ ಬಿಗಿದು ತಿಂಗಳುಗಟ್ಟಲೆ ಓಡಿಸಿದ. ಏನೂ ಆಗಲಿಲ್ಲ.

ಕುಡ್ಲ ಟ್ರೇಲರ್

ಯಾವ ಲೈನಿಗೆ ಹಾಕಿದ್ದು ಅಂತ ಹೇಳಿ ಮಾರಾಯ್ರೆ.

ಅಡಿಕೆ ತೋಟ

ವಿಚಾರಿಸಿದೆ. ಏರ್ ಹಾರ್ನಿಗಂತೆ 😀

ಡಿಪೋ ಅಜ್ಜ

ಹಾರ್ನಿಗೆ ಆದರೆ ಗೋಂದು ಹಚ್ಚಿ ಬೇಕಾದರೂ ಓಡಿಸಿ! ಹಾರ್ನ್, ಸೀಟು, ಬಸ್ಸಿನ ಬಾಗಿಲು, ಈ ಲೈನುಗಳಲ್ಲಿ ಲೀಕ್ ಬಂದರೆ ಪೈಪನ್ನು ಎರಡಾಗಿ ಮಡಚಿ ವೈರ್ ಕಟ್ಟಿ ಬಂದ್ ಮಾಡಿ, ಹಾರ್ನ್ ಇಲ್ಲದೆ ಊರು ಸೇರಿ. ಬ್ರೇಕಿನ ಗಾಳಿ ಉಳಿಯುತ್ತದೆ. ನಿಜವಾದ ರೋಡ್‌ಸೈಡ್ ರಿಪೇರಿ ಅಂದರೆ ನನ್ನ ಮಟ್ಟಿಗೆ ಇದೊಂದೇ.

ಆ ಸ್ಪ್ರೇ ಪೈಪು ಸ್ವತಃ ಒತ್ತಡ ತಡೆಯುತ್ತದೆ, ಸುಳ್ಳಲ್ಲ. ತಡೆಯದೇ ಇರುವುದು ನುಣುಪಾದ ನೈಲಾನಿನ ಮೇಲೆ ಕೂತ ಕ್ಲಿಪ್ಪು. ಹಾಗೇ ಡ್ರಿಪ್ಪಿನ ಪ್ಲಾಸ್ಟಿಕ್ ಜಾಯಿನರ್ ಹಾಕುವವರೂ ಇದ್ದಾರೆ. ತೋಟದ ನೀರಿನ ಒತ್ತಡಕ್ಕೆ ಮಾಡಿದ್ದು ಅದು, ಇಲ್ಲಿ 8 ಕೆಜಿ ಗಾಳಿ. ಕುಡಿಯುವ ನೀರಿನ ಫಿಲ್ಟರಿನ ಒತ್ತಿ ಕೂರಿಸುವ ಕನೆಕ್ಟರ್ ಇನ್ನೂ ಮೋಸ. ನೋಡಲು ಥೇಟ್ ಲಾರಿಯದೇ. ಆದರೆ ಅದು ಇಂಚಿನ ಲೆಕ್ಕ, ನಮ್ಮ ಪೈಪ್ ಮಿಲಿಮೀಟರು. ಮೂರೆಂಟಾಂಶ ಇಂಚು ಅಂದರೆ ಒಂಬತ್ತೂವರೆ ಮಿಲಿಮೀಟರು, 10ರ ಪೈಪನ್ನು ತುರುಕಿದರೆ ಕೂತ ಹಾಗೆ ಕಾಣುತ್ತದೆ, ನಂಬಬೇಡಿ.

ಇನ್ನು ಕಂಪ್ರೆಸರಿನಿಂದ ಟ್ಯಾಂಕಿಗೆ ಬರುವ ಮೊದಲ ಪೈಪ್. ಅದು ಲೋಹದ್ದೇ ಯಾಕೆ ಅಂದರೆ ಅಲ್ಲಿ ಗಾಳಿ 100 ಡಿಗ್ರಿ ದಾಟುತ್ತದೆ. ಅಲ್ಲಿಗೆ ನೈಲಾನೂ ಇಲ್ಲ, ಟ್ಯೂಬೂ ಇಲ್ಲ, ಎರಡೂ ಮೆತ್ತಗಾಗಿ ಹೋಗುತ್ತವೆ.

ಹುಬ್ಬಳ್ಳಿ ಫಿಟ್ಟರ್

ಅಜ್ಜಾರೆ, ಒಂದು ಮಾತಿಗೆ ನಾನು ಒಪ್ಪುವುದಿಲ್ಲ. ರಾತ್ರಿ ಘಾಟಿಯ ನಡುವೆ, ತಿರುವಿನಲ್ಲಿ, ಸ್ಪ್ರಿಂಗ್ ಹಿಡಿದುಕೊಂಡು ಗಾಡಿ ನಿಂತರೆ ಏನು ಮಾಡುವುದು? ಜಾಯಿಂಟ್ ಹುಡುಕುತ್ತಾ ಕೂತರೆ ಹಿಂದಿನಿಂದ ಬರುವ ಗಾಡಿ ಬಂದು ಗುದ್ದುತ್ತದೆ. ನಾನು ಬೂಸ್ಟರಿನ ಹಿಂದಿನ ಬೋಲ್ಟ್ ತಿರುಗಿಸಿ ಸ್ಪ್ರಿಂಗ್ ಹಿಂದಕ್ಕೆ ಎಳೆದು, ಆ ಲೈನಿಗೆ ಡಮ್ಮಿ (ಬಾಯಿ ಮುಚ್ಚುವ ಬಿರಡೆ) ಹಾಕಿ ಗಾಡಿ ಇಳಿಸಿದ್ದೇನೆ. ಫುಟ್ ಬ್ರೇಕ್ ಪೂರ್ತಿ ಇರುತ್ತದಲ್ಲ.

ಡಿಪೋ ಅಜ್ಜ

ರೋಡಿನಿಂದ ಬದಿಗೆ ಸರಿಸಲು ಮಾಡಿದ್ದರೆ ಸರಿ. ಎಳೆದೊಯ್ಯಲೂ ಸರಿ, ಆ ಬೋಲ್ಟ್ ಇರುವುದೇ ಅದಕ್ಕೆ. ಘಾಟಿ ಇಳಿಸಿದ್ದು ತಪ್ಪು. ಬೋಲ್ಟ್ ಎಳೆದ ಮೇಲೆ ನಿಮಗೆ ಹ್ಯಾಂಡ್ ಬ್ರೇಕ್ ಇಲ್ಲ. ಫುಟ್ ಬ್ರೇಕ್ ಕೈಕೊಟ್ಟರೆ ಹಿಡಿಯಲು ಇನ್ನೇನೂ ಇಲ್ಲ. ಕುಡ್ಲದವರ ಅಪ್ಪನ ಲಾರಿಯನ್ನೇ ನೀವು ಕೈಯಾರೆ ತಯಾರು ಮಾಡಿದಿರಿ.

ಬೋಲ್ಟ್ ತಿರುಗಿಸುವ ಮುಂಚೆ ಚಕ್ರಕ್ಕೆ ಗುಟ್ಟ ಇರಲೇಬೇಕು, ಅದು ನಿಮಗೆ ಗೊತ್ತು, ಹೊಸಬರಿಗಾಗಿ ಬರೆದೆ. ಹಾಗೇ ಆ ದೊಡ್ಡ ಡಬ್ಬಿಯನ್ನು ಸುತ್ತಿ ಹಿಡಿದಿರುವ ಬೆಲ್ಟನ್ನು ಯಾರೂ ರೋಡಲ್ಲಿ ಬಿಚ್ಚಬೇಡಿ. ಒಳಗಿನ ಸ್ಪ್ರಿಂಗ್ ನೂರಾರು ಕೆಜಿ ಬಲದಲ್ಲಿ ಅದುಮಿ ಕೂತಿದೆ. ಹಾರಿದರೆ ಎದುರಿಗಿದ್ದವನು ಉಳಿಯುವುದಿಲ್ಲ.

ಹುಬ್ಬಳ್ಳಿ ಫಿಟ್ಟರ್

ಸರಿ ಬಿಡ್ರಿ, ಇಳಿಸಿದ್ದು ತಪ್ಪೇ ಇರಬಹುದು. ಆದರೆ ಆ ರಾತ್ರಿ ನನ್ನ ಜಾಗದಲ್ಲಿ ನೀವಿದ್ದರೂ ಅದನ್ನೇ ಮಾಡುತ್ತಿದ್ದಿರಿ ಅನ್ನಿಸುತ್ತದೆ.

ಡಿಪೋ ಅಜ್ಜ

ಮಾಡುತ್ತಿದ್ದೆನೋ ಏನೋ. ಡಿಪೋದಲ್ಲಿ ಕೂತು ಹೇಳುವುದು ಸುಲಭ ಅಂತ ಡ್ರೈವರುಗಳು ಆಗಲೂ ನನಗೆ ಹೇಳುತ್ತಿದ್ದರು.

ಓಹಾಯೋ ಕನ್ನಡಿಗ

ನಾನು ಚಿತ್ರದುರ್ಗದವನು, ಈಗ ಅಮೆರಿಕದಲ್ಲಿ ದೊಡ್ಡ ಟ್ರಕ್ ಓಡಿಸುತ್ತೇನೆ. ಇಲ್ಲಿನ ಲೆಕ್ಕ ಹೇಳುತ್ತೇನೆ, ಹೋಲಿಸಿ ನೋಡಿ. ಲೈಸೆನ್ಸ್ ಪರೀಕ್ಷೆಯಲ್ಲೇ ಲೀಕ್ ಟೆಸ್ಟ್ ಮಾಡಿ ತೋರಿಸಬೇಕು. ಪ್ರೆಶರ್ ತುಂಬಿಸಿ, ಇಂಜಿನ್ ಆಫ್ ಮಾಡಿ, ಬ್ರೇಕ್ ಬಿಟ್ಟು ಗೇಜು ನೋಡುವುದು. ಒಂಟಿ ಗಾಡಿಯಲ್ಲಿ ನಿಮಿಷಕ್ಕೆ 2 ಪಿಎಸ್‌ಐ, ಟ್ರೇಲರ್ ಇದ್ದರೆ 3, ಅದಕ್ಕಿಂತ ಜಾಸ್ತಿ ಇಳಿದರೆ ಫೇಲ್. ಪೆಡಲ್ ಒತ್ತಿ ಹಿಡಿದಾಗ 3 ಮತ್ತು 4. ನಮ್ಮ ಊರಿನ ಗೇಜಿನ ಲೆಕ್ಕಕ್ಕೆ 1 ಕೆಜಿ ಅಂದರೆ ಸುಮಾರು 14 ಪಿಎಸ್‌ಐ. ದೋಣಿಗಲ್ ಅವರ ಗಾಡಿ ಒಂದು ಟೀ ಕುಡಿಯುವಷ್ಟರಲ್ಲಿ 3 ಕೆಜಿ ಇಳಿದಿದೆ, ಅಂದರೆ 42!

ಇನ್ನೊಂದು ತಮಾಷೆ. ನಾವೆಲ್ಲ ಊರಲ್ಲಿ ಮಾಡುವ ಆ ಟ್ರಿಕ್ ಇದೆಯಲ್ಲ, ಹೋಸನ್ನು ಕತ್ತರಿಸಿ, ನಡುವೆ ಒಂದು ಪೈಪಿನ ತುಂಡು ತೂರಿಸಿ, ಎರಡು ಕಡೆ ಕ್ಲಿಪ್ ಹಾಕುವುದು. ಇಲ್ಲಿನ ತಪಾಸಣೆಯ ನಿಯಮದಲ್ಲಿ ಅದನ್ನೇ ಹೆಸರಿಟ್ಟು ಬರೆದಿದ್ದಾರೆ, ಹೀಗೆ ಜೋಡಿಸಿದ್ದು ಕಂಡರೆ ಗಾಡಿ ಪಾಸಿಲ್ಲ ಅಂತ. ಓದಿದಾಗ ಇದನ್ನು ಬರೆದವನು ಯಾವತ್ತೋ ನಮ್ಮ ಗ್ಯಾರೇಜಿಗೆ ಬಂದಿದ್ದನಾ ಅನ್ನಿಸಿತು.

ಕುಡ್ಲ ಟ್ರೇಲರ್

ಇಲ್ಲೂ ಕಾನೂನು ಇಲ್ಲ ಅಂತಲ್ಲ. 1988ರ ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್ ಇರುವುದೇ ಅಪಾಯದ ಸ್ಥಿತಿಯಲ್ಲಿರುವ ಗಾಡಿ ಓಡಿಸುವವರಿಗೆ. ಕಟ್ಟಿದ ಟ್ಯೂಬನ್ನು ಬಗ್ಗಿ ನೋಡುವವರು ಯಾರು ಅನ್ನೋದು ಬೇರೆ ಮಾತು.

ಹೆದ್ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ 1033ಕ್ಕೆ ಫೋನ್ ಮಾಡಿ. ಮತ್ತೆ ಒಂದು ವಿನಂತಿ ಎಲ್ಲರಿಗೂ. ಗಾಡಿ ಕೆಟ್ಟಾಗ ಹಿಂದೆ ಸೊಪ್ಪು, ಕಲ್ಲು ಇಡುತ್ತೀರಿ, ಇಡಿ. ಹೊರಡುವಾಗ ತೆಗೆಯಿರಿ! ನೆಲ್ಯಾಡಿ ಹತ್ತಿರ ಯಾರೋ ಬಿಟ್ಟು ಹೋದ ಕಲ್ಲಿಗೆ ನನ್ನ ತಮ್ಮನ ಬೈಕ್ ಹೊಡೆದು ಮೂರು ತಿಂಗಳು ಮಲಗಿದ್ದ.

ಹೊಸ ಲೈಸೆನ್ಸ್

ಹಾಗಾದರೆ ಆ ರಾತ್ರಿ ದೋಣಿಗಲ್ ಅಣ್ಣ ಏನು ಮಾಡಬೇಕಿತ್ತು? ಒಂದೇ ಮಾತಲ್ಲಿ ಹೇಳಿ.

ಡಿಪೋ ಅಜ್ಜ

ಸೈಕಲ್ ಟ್ಯೂಬ್ ಸುತ್ತಬೇಕಿತ್ತು, ಸುತ್ತಿ ಹಿಂದಕ್ಕೆ ಸಕಲೇಶಪುರಕ್ಕೆ ಹೋಗಬೇಕಿತ್ತು. ಅಲ್ಲಿಂದ ಕೆಲವೇ ಕಿಲೋಮೀಟರು, ಕಡಿದಾದ ಇಳಿಜಾರು ಮುಂದಿದೆ, ಹಿಂದಿಲ್ಲ. ಅದೇ ಟ್ಯೂಬು ಆ ಕಡೆಗೆ ರಿಪೇರಿ, ಈ ಕಡೆಗೆ ಜೂಜು.

ದೋಣಿಗಲ್ ಲೋಡ್

ನಿಜ ಹೇಳಬೇಕು ಅಂದರೆ ಆ ಯೋಚನೆ ಬಂದಿತ್ತು ಅಜ್ಜಾ. ಬೆಳಗ್ಗೆ 5ಕ್ಕೆ ಮಂಡಿಯಲ್ಲಿ ಇರಬೇಕಿತ್ತು, ತಡವಾದರೆ ಬಾಡಿಗೆಯಲ್ಲಿ ಹಿಡಿಯುತ್ತಾರೆ. ಅದಕ್ಕೇ ಇಳಿದೆ. ನೆಪ ಅಲ್ಲ, ನಡೆದದ್ದು ಹೇಳಿದೆ.

ಇವತ್ತು ಭಾನುವಾರ, ಗಾಡಿ ಮನೆ ಹತ್ತಿರ ಇದೆ. ಗುಟ್ಟ ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು ಕೆಳಗೆ ಹೋಗಿ ಪೂರ್ತಿ ನೋಡಿದೆ. ಪೈಪ್ ಉಜ್ಜಲು ಕಾರಣ ಸಿಕ್ಕಿತು. ಚಾಸಿಗೆ ಹಿಡಿಯುವ ಒಂದು ಕ್ಲಿಪ್ ಇಲ್ಲವೇ ಇಲ್ಲ, ಬೋಲ್ಟಿನ ತೂತು ಮಾತ್ರ ಇದೆ. ಪೈಪ್ ಜೋತು ಬಿದ್ದು ಕ್ರಾಸ್ ಮೆಂಬರಿನ ಅಂಚಿಗೆ ತಾಗುತ್ತಿದೆ. ಹೊಸ ಪೈಪ್ ಹಾಕಿದ ಗ್ಯಾರೇಜಿನವರೂ ಕ್ಲಿಪ್ ಹಾಕಿಲ್ಲ, ಒಂದೇ ವಾರಕ್ಕೆ ಹೊಸ ಪೈಪಿನ ಮೇಲೂ ಗೆರೆ ಬಿದ್ದಿದೆ. ಬಲಗಡೆ ಟಾರ್ಚ್ ಹಾಕಿದರೆ ಅಲ್ಲೂ ಅದೇ ಕತೆ, ಪೈಪ್ ಅರ್ಧ ಸವೆದಿದೆ, ಇನ್ನೂ ಸೀಳಿಲ್ಲ.

ಬಲಗಡೆಯದ್ದು ಬದಲಾಯಿಸುತ್ತೇನೆ. ಎಡಗಡೆಯ ಗೆರೆ ಉಗುರಿಗೆ ಸಿಗುತ್ತದೆ, ಆಳ ಇಲ್ಲ. ಅದನ್ನು ಇಟ್ಟುಕೊಳ್ಳಬಹುದಾ?

ಡಿಪೋ ಅಜ್ಜ

ಉಗುರಿಗೆ ಸಿಕ್ಕಿತು ಅಂದ ಮೇಲೆ ತೆಗೆಯಿರಿ. ಕ್ಲಿಪ್ ತರುವಾಗ ಒಳಗೆ ರಬ್ಬರ್ ಇರುವುದನ್ನೇ ತನ್ನಿ. ಅಂಚಿಗೆ ತಾಗುವ ಜಾಗದಲ್ಲಿ ಹಳೇ ರೇಡಿಯೇಟರ್ ಹೋಸ್ ಸೀಳಿ ಹೊದಿಸಿ. ಪೈಪಿನ ಸೈಜ್ ಬಾಯಲ್ಲಿ ಹೇಳಬೇಡಿ, ತುಂಡು ತೋರಿಸಿ ತನ್ನಿ.

ಹುಬ್ಬಳ್ಳಿ ಫಿಟ್ಟರ್

ಹೋದಾಗ ಎರಡು ಜಾಯಿಂಟು, ನಾಲ್ಕು ಆಲಿವ್, ಎರಡು ಹಿತ್ತಾಳೆ ತೋಳು ಜಾಸ್ತಿ ತಂದು ಸೀಟಿನ ಕೆಳಗೆ ಹಾಕಿ. ಸೈಕಲ್ ಟ್ಯೂಬೂ ಇರಲಿ ಅಣ್ಣಾ, ಎಸೆಯಬೇಡಿ.

ದೋಣಿಗಲ್ ಲೋಡ್

ಎಸೆದಿಲ್ಲ. ಕ್ಲೀನರ್ ಹುಡುಗ ಎರಡು ಮರದ ಗುಟ್ಟ ಮಾಡಿಸಿಕೊಂಡು ಬಂದಿದ್ದಾನೆ, ಹಿಡಿಯಲು ಹಗ್ಗ ಬೇರೆ ಕಟ್ಟಿದ್ದಾನೆ. ನಾಳೆ ಹಾಸನದಲ್ಲಿ ಪೈಪ್ ತಗೊಂಡು ಫೋಟೋ ಹಾಕುತ್ತೇನೆ.